ಒಡೆಯನನ್ನು ಬಿಟ್ಟುಹೋದ ಗೋರಿ

ಹಳೆಯ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದನ್ನು ನೋಡೋಣವೆಂದು ತುರ್ಕಿಯ ಬೋದ್ರುಮ್‌ಗೆ ಹೋದವರಿಗೆ ಅಲ್ಲಿ ಕಾಣಸಿಗುವುದು ಒಂದು ದೊಡ್ಡ ಗುಂಡಿ. ಊರ ಮನೆಗಳ ನಡುವೆ ಬಂಡೆ ಕಡಿದು ಮಾಡಿದ ತಗ್ಗು, ಅದರೊಳಕ್ಕೆ ಇಳಿಯುವ ಅಗಲವಾದ ಮೆಟ್ಟಿಲು, ಅಲ್ಲಲ್ಲಿ ಬಿದ್ದ ಕಂಬದ ತುಂಡುಗಳು. ಅಷ್ಟೇ. ಕತ್ತೆತ್ತಿ ನೋಡಲು ಏನೂ ಇಲ್ಲ, ಬಗ್ಗಿ ನೋಡಬೇಕು. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಇದೇ ಜಾಗದಲ್ಲಿ 40 ಮೀಟರಿಗೂ ಮಿಕ್ಕ ಎತ್ತರದ ಗೋರಿಯೊಂದು ಎದ್ದು ನಿಂತಿತ್ತು. ಆಗ ಊರಿನ ಹೆಸರು ಹಾಲಿಕರ್ನಾಸಸ್. ಚರಿತ್ರೆಯ ಪಿತಾಮಹನೆನಿಸಿದ ಹೆರೊಡೊಟಸ್ ಹುಟ್ಟಿದ ಊರು. ಗೋರಿ ಅಲ್ಲಿ ಆಳಿದ ಮೌಸೋಲಸ್‌ನದು.

ಗೋರಿ ಕಟ್ಟಿಸುವವರ ಲೆಕ್ಕ ಸರಳವಾದದ್ದು. ಮೈ ಮಣ್ಣಿಗೆ ಹೋದರೂ ಹೆಸರು ಕಲ್ಲಿನಲ್ಲಿ ನಿಲ್ಲಲಿ ಅನ್ನುವುದು. ಮೌಸೋಲಸ್‌ನ ಪಾಲಿಗೆ ಈ ಲೆಕ್ಕ ತಲೆಕೆಳಗಾಯಿತು. ಕಲ್ಲು ಚದುರಿಹೋಯಿತು. ಹೆಸರೇನೋ ಉಳಿಯಿತು, ಆದರೆ ಅವನದಾಗಿ ಉಳಿಯಲಿಲ್ಲ. ಯುರೋಪಿನ ಭಾಷೆಗಳಲ್ಲಿ ಯಾರ ಭವ್ಯ ಗೋರಿಗಾದರೂ ಅವನ ಹೆಸರೇ ಸಲ್ಲುತ್ತದೆ. ಹೇಳುವವರಿಗೆ ಆ ಮನುಷ್ಯ ಯಾರೆಂಬ ನೆನಪಿಲ್ಲ. ಹಾಗಿದ್ದೂ ಈ ಕಟ್ಟಡದ ಬೆರಗು ಇನ್ನೂ ಆರಿಲ್ಲ. ಒಡೆಯನೂ ಇಲ್ಲದ, ಮೈಯೂ ಇಲ್ಲದ ಒಂದು ಕಟ್ಟಡ ಯಾವುದರ ಬಲದಿಂದ ಬದುಕಿದೆ ಎನ್ನುವುದೇ ನನ್ನನ್ನು ಕಾಡುವ ಸಂಗತಿ.

ಮೌಸೋಲಸ್ ಚಕ್ರವರ್ತಿಯೇನಲ್ಲ. ಪರ್ಷಿಯಾದ ಸಾಮ್ರಾಟನ ಕೈಕೆಳಗೆ ಕಾರಿಯಾ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ಮಾಂಡಲಿಕ. ಆದರೆ ಸ್ವತಂತ್ರ ದೊರೆಯ ಠೀವಿಯಲ್ಲಿ ಕ್ರಿ.ಪೂ. 377ರಿಂದ 353ರವರೆಗೆ ಆಳಿದ. ಒಳನಾಡಿನ ಮೈಲಾಸಾದಲ್ಲಿದ್ದ ರಾಜಧಾನಿಯನ್ನು ಕಡಲ ತೀರಕ್ಕೆ ತಂದು ಹಾಲಿಕರ್ನಾಸಸ್ಸನ್ನು ಹೊಸದಾಗಿ ಕಟ್ಟಿದ. ಇಷ್ಟಕ್ಕೆಲ್ಲ ದುಡ್ಡು ಬೇಕಲ್ಲ. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಹಣಕಾಸಿನ ಗ್ರಂಥವೊಂದರಲ್ಲಿ ಇವನ ಅಧಿಕಾರಿಯ ಒಂದು ಕಥೆ ಇದೆ. ಲಿಸಿಯಾದ ಜನಕ್ಕೆ ಉದ್ದ ಕೂದಲೆಂದರೆ ಪ್ರಾಣ. ಆ ಅಧಿಕಾರಿ ಅವರ ಬಳಿಗೆ ಹೋಗಿ, ಕೃತಕ ಕೂದಲು ಮಾಡಲು ನಿಮ್ಮೆಲ್ಲರ ತಲೆ ಬೋಳಿಸಿ ಕಳಿಸಬೇಕೆಂದು ಮೇಲಿನಿಂದ ಅಪ್ಪಣೆ ಬಂದಿದೆ ಅಂದನಂತೆ. ತಲೆಗಿಷ್ಟು ಎಂದು ಕಟ್ಟಿಬಿಟ್ಟರೆ ಬೇರೆ ಕಡೆಯಿಂದ ಕೂದಲು ತರಿಸಿ ಕಳಿಸುತ್ತೇನೆ ಎಂದೂ ಸೇರಿಸಿದನಂತೆ. ಜನ ತೆಪ್ಪಗೆ ಕಟ್ಟಿದರು. ಕಥೆ ನಿಜವೋ ಕಟ್ಟಿದ್ದೋ, ಪ್ರಜೆಗಳ ಬಾಯಲ್ಲಿ ಈ ದೊರೆ ಹೇಗಿದ್ದನೆಂಬುದಕ್ಕೆ ಇದು ಸಾಕು. ಅದ್ಭುತಗಳ ತಳಪಾಯದಲ್ಲಿ ಇಂಥ ದುಡ್ಡೂ ಇರುತ್ತದೆ.

ಅವನು ಸತ್ತ ಮೇಲೆ ಆಳಿದವಳು ಆರ್ಟಿಮಿಸಿಯಾ. ಆ ಮನೆತನದ ರೂಢಿಯಂತೆ ಅವಳು ಅವನ ಸೋದರಿಯೂ ಹೌದು, ಹೆಂಡತಿಯೂ ಹೌದು. ಗಂಡನ ಚಿತಾಭಸ್ಮವನ್ನು ನೀರಿಗೆ ಬೆರೆಸಿ ಕುಡಿದಳೆಂದು ಮುಂದಿನ ಲೇಖಕರು ಬರೆದರು. ತಾನೇ ಅವನ ಜೀವಂತ ಗೋರಿಯಾದವಳು ಎಂಬ ಆ ಕಲ್ಪನೆ ಯುರೋಪಿನ ಚಿತ್ರಕಾರರನ್ನು ನೂರಾರು ವರ್ಷ ಹಿಡಿದಿಟ್ಟಿತು. ಅವಳು ದೇಶದೇಶದ ಶಿಲ್ಪಿಗಳನ್ನು ಕರೆಸಿ ಕೆಲಸಕ್ಕೆ ಹಚ್ಚಿದಳು. ಆದರೆ ಎರಡೇ ವರ್ಷದಲ್ಲಿ, ಕ್ರಿ.ಪೂ. 351ರಲ್ಲಿ, ಅವಳೂ ತೀರಿಕೊಂಡಳು. ಕಟ್ಟಡ ಇನ್ನೂ ಮುಗಿದಿರಲಿಲ್ಲ.

ಇಡೀ ಕಥೆಯ ಕೀಲು ಇರುವುದು ಇಲ್ಲಿ. ರೋಮಿನ ಲೇಖಕ ಪ್ಲಿನಿ ಹೇಳುವಂತೆ ಪೂರ್ವದ ಪಕ್ಕವನ್ನು ಸ್ಕೋಪಾಸ್, ಉತ್ತರವನ್ನು ಬ್ರಯಾಕ್ಸಿಸ್, ದಕ್ಷಿಣವನ್ನು ತಿಮೋಥಿಯಸ್, ಪಶ್ಚಿಮವನ್ನು ಲಿಯೋಕಾರಿಸ್ ಹಂಚಿಕೊಂಡಿದ್ದರು. ಗ್ರೀಕರ ನಾಡಿನಲ್ಲಿ ಆ ಕಾಲಕ್ಕೆ ಹೆಸರಾಂತ ಉಳಿಗಳು ಇವು. ರಾಣಿ ಸತ್ತ ಮೇಲೆ ಅವರು ಉಪಕರಣ ಕಟ್ಟಿಕೊಂಡು ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಈ ಕಟ್ಟಡ ತಮ್ಮ ಕೀರ್ತಿಗೂ ತಮ್ಮ ಕಲೆಗೂ ಸ್ಮಾರಕವೆಂದು ಬಗೆದು, ಮುಗಿಸಿಯೇ ಹೊರಟರು ಎನ್ನುತ್ತಾನೆ ಪ್ಲಿನಿ. ಗೋರಿ ಅರಸನ ಕೈಯಿಂದ ಜಾರಿದ್ದು ಭೂಕಂಪದಿಂದಲ್ಲ, ಲೂಟಿಯಿಂದಲೂ ಅಲ್ಲ. ಈ ನಾಲ್ವರು ಉಳಿದುಕೊಂಡ ದಿನದಿಂದ.

ಅವರು ಮುಗಿಸಿದ್ದು ಎಂಥದ್ದನ್ನು? ಕೆಳಗೆ ಎತ್ತರದ ಭಾರಿ ಪೀಠ, ಅದರ ಮೇಲೆ ಗ್ರೀಕ್ ಗುಡಿಯ ಮಾದರಿಯಲ್ಲಿ ಸುತ್ತಲೂ 36 ಕಂಬ, ಕಂಬಗಳ ಮೇಲೆ 24 ಮೆಟ್ಟಿಲುಗಳಾಗಿ ಕಿರಿದಾಗುತ್ತ ಏರುವ ಪಿರಮಿಡ್ಡಿನಂಥ ಚಾವಣಿ, ತುತ್ತತುದಿಯಲ್ಲಿ ನಾಲ್ಕು ಕುದುರೆಗಳ ಅಮೃತಶಿಲೆಯ ರಥ. ಪೀಠದ ಯೋಚನೆ ನೆರೆಯ ಲಿಸಿಯಾದ್ದು, ಕಂಬಗಳು ಗ್ರೀಕರವು, ಮೆಟ್ಟಿಲ ಗೋಪುರ ಈಜಿಪ್ಟನ್ನು ನೆನಪಿಗೆ ತರುವಂಥದ್ದು. ಮೂರು ಸೀಮೆಗಳ ರೂಢಿಯನ್ನು ಒಂದರ ಮೇಲೊಂದು ಕೂರಿಸಿ, ಬೆಸುಗೆ ಕಾಣದ ಹಾಗೆ ನಿಲ್ಲಿಸಿದ ವಾಸ್ತುಶಿಲ್ಪಿಗಳು ಪೈಥಿಯೋಸ್ ಮತ್ತು ಸ್ಯಾಟಿರೋಸ್.

ತುದಿಯ ರಥದ ಒಂದು ಕುದುರೆಯ ಮುಂಭಾಗ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆನೆಗಾತ್ರದ ಎದೆ, ಬಿರಿದ ಹೊಳ್ಳೆ, ತೆರೆದ ಬಾಯಿ. ಬಾಯಿಯೊಳಗೆ ಕಂಚಿನ ಕಡಿವಾಣ ಇವತ್ತಿಗೂ ಕಚ್ಚಿಕೊಂಡೇ ಇದೆ. ನೆಲದಲ್ಲಿ ನಿಂತವನಿಗೆ ಅಷ್ಟು ಎತ್ತರದ ಕುದುರೆಯ ಬಾಯಲ್ಲಿ ಕಡಿವಾಣ ಇದ್ದರೇನು, ಇಲ್ಲದಿದ್ದರೇನು? ಯಾರ ಕಣ್ಣಿಗೂ ಬೀಳದ ಕಡೆ ಕಂಚು ಕಾಯಿಸಿ, ಬಾಗಿಸಿ, ದವಡೆಗೆ ಸರಿಯಾಗಿ ಹೊಂದಿಸಿದ ಆ ಕೈಗೆ ಮೆಚ್ಚುಗೆಯ ಹಂಗಿರಲಿಲ್ಲ. ಕುದುರೆಯೆಂದ ಮೇಲೆ ಕಡಿವಾಣ ಇರಲೇಬೇಕು ಎಂಬ ಹಟ ಮಾತ್ರ ಇತ್ತು. ನನಗೆ ಈ ಗೋರಿಯ ಗಾತ್ರಕ್ಕಿಂತ ಆ ಹಟ ದೊಡ್ಡದಾಗಿ ತೋರುತ್ತದೆ.

ಕ್ರಿ.ಪೂ. 334ರಲ್ಲಿ ಅಲೆಕ್ಸಾಂಡರ್ ಊರಿಗೆ ಮುತ್ತಿಗೆ ಹಾಕಿದ. ಗೋರಿ ನಿಂತೇ ಇತ್ತು. ಏಳು ಅದ್ಭುತಗಳ ಪಟ್ಟಿ ಹುಟ್ಟಿಕೊಂಡಾಗ ಅದರಲ್ಲಿ ಸೇರಿತು. ರೋಮಿನಲ್ಲಿ ಅಗಸ್ಟಸ್ ತನ್ನ ಗೋರಿ ಕಟ್ಟಿಸಿದಾಗ ಅದಕ್ಕೂ ಇದರದೇ ಹೆಸರು ಬಂತು. ಕ್ರಿ.ಶ. ಎರಡನೆಯ ಶತಮಾನದ ಹೊತ್ತಿಗೆ ಇದರ ಖ್ಯಾತಿ ಎಷ್ಟಿತ್ತೆಂದರೆ, ವ್ಯಂಗ್ಯಕಾರ ಲೂಸಿಯನ್ ಅದನ್ನೇ ನಗೆಗೆ ಗುರಿಮಾಡಿದ. ಅವನ ಸಂವಾದವೊಂದರಲ್ಲಿ ಪಾತಾಳಲೋಕದಲ್ಲಿ ಮೌಸೋಲಸ್ ತನ್ನ ಗೋರಿಯ ಬಗ್ಗೆ ಬೀಗುತ್ತಾನೆ. ಭಿಕಾರಿ ತತ್ವಜ್ಞಾನಿ ಡಯೋಜನಿಸ್ ಅದಕ್ಕೆ ನಗುತ್ತಾನೆ. ಬಂದುಹೋಗುವವರಿಗೆ ತೋರಿಸಿಕೊಳ್ಳಲು ಊರಿನವರಿಗೆ ಅದರಿಂದ ಲಾಭ ಉಂಟು, ನಿನಗೇನು ಬಂತು, ಉಳಿದವರಿಗಿಂತ ಹೆಚ್ಚು ಕಲ್ಲಿನ ಭಾರ ಹೊತ್ತು ಮಲಗಿದ್ದೀಯೆ ಅಷ್ಟೆ ಎಂಬುದು ಅವನ ಮಾತಿನ ತಾತ್ಪರ್ಯ. ಸಾವಿನ ಮುಂದೆ ಎಲ್ಲರೂ ಸಮ ಎಂದು ಉಪದೇಶ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಮಧ್ಯಯುಗದ ಭೂಕಂಪಗಳು ಮೇಲಿನ ಭಾಗವನ್ನು ಉರುಳಿಸಿದವು. ಹದಿನೈದನೆಯ ಶತಮಾನದ ಆರಂಭದಲ್ಲಿ ರೋಡ್ಸ್ ದ್ವೀಪದ ಕ್ರೈಸ್ತ ಯೋಧಪಂಥದವರು ಇಲ್ಲಿಗೆ ಬಂದು ಕೋಟೆ ಕಟ್ಟತೊಡಗಿದರು. ಎದುರಿಗೇ ಒಪ್ಪವಾಗಿ ಕಡಿದ ಕಲ್ಲಿನ ರಾಶಿ ಬಿದ್ದಿರುವಾಗ ಕಲ್ಲುಗಣಿ ಹುಡುಕಿಕೊಂಡು ಯಾರು ಹೋಗುತ್ತಾರೆ? ಹಳೇ ಮನೆ ಕೆಡವಿದರೆ ತೊಲೆ ಒಬ್ಬರ ಮನೆಗೆ, ಬಾಗಿಲುವಾಡ ಇನ್ನೊಬ್ಬರ ಮನೆಗೆ ಹೋಗುವಂತೆ ಗೋರಿ ಕೋಟೆಯೊಳಕ್ಕೆ ಹೋಯಿತು. ಗೋರಿಯ ಹಸಿರು ಛಾಯೆಯ ಕಲ್ಲುಗಳನ್ನು ಇಂದಿಗೂ ಆ ಕೋಟೆಯ ಗೋಡೆಯಲ್ಲಿ ಗುರುತಿಸಬಹುದು. ಚೆಂದ ಕಂಡ ಶಿಲ್ಪಫಲಕಗಳನ್ನು ಅವರು ಅಲಂಕಾರಕ್ಕೆಂದು ಗೋಡೆಗೆ ಕೂರಿಸಿದರು. ಉಳಿದ ಅಮೃತಶಿಲೆ ಸುಣ್ಣದ ಗೂಡಿಗೆ ಹೋಯಿತು.

1522ರಲ್ಲಿ ನಡೆದ ಸಂಗತಿಯೊಂದನ್ನು ಅದೇ ಶತಮಾನದ ಕೊನೆಗೆ ಫ್ರೆಂಚ್ ಲೇಖಕ ಗಿಶಾರ್ ಬರೆದಿಟ್ಟಿದ್ದಾನೆ. ತುರ್ಕರ ದಂಡು ಬರುವ ಭಯಕ್ಕೆ ಕೋಟೆಯನ್ನು ಭದ್ರಪಡಿಸಲು ಸುಣ್ಣ ಬೇಕಾಗಿತ್ತು. ಅಗೆಯುತ್ತ ಹೋದವರಿಗೆ ನೆಲದೊಳಗೆ ಒಂದು ಪೊಳ್ಳು ಸಿಕ್ಕಿತು. ದೀಪ ಹಿಡಿದು ಇಳಿದರೆ ಅಮೃತಶಿಲೆಯ ಕಂಬಗಳ ಅಂಗಳ, ಗೋಡೆಯಲ್ಲಿ ಯುದ್ಧದ ಉಬ್ಬುಚಿತ್ರಗಳು. ಯೋಧರು ಮೊದಲು ಬೆರಗಿನಿಂದ ಕಣ್ತುಂಬ ನೋಡಿದರಂತೆ. ಆಮೇಲೆ ಒಡೆದರಂತೆ. ಒಳಗಿನ ಇನ್ನೊಂದು ಕೋಣೆಯಲ್ಲಿ ಶವಪೆಟ್ಟಿಗೆ ಇತ್ತು, ಹೊತ್ತಾಗಿದ್ದರಿಂದ ಬಿಟ್ಟುಬಂದರು. ಮರುದಿನ ಹೋದಾಗ ಅದು ತೆರೆದು ಬಿದ್ದಿತ್ತು, ನೆಲದ ತುಂಬ ಜರತಾರಿ ಬಟ್ಟೆಯ ಚಿಂದಿ, ಚಿನ್ನದ ಬಿಲ್ಲೆಗಳು.

ಈ ಕಥೆಯಲ್ಲಿ ನನ್ನನ್ನು ನಿಲ್ಲಿಸುವುದು ನೋಡುವುದಕ್ಕೂ ಒಡೆಯುವುದಕ್ಕೂ ನಡುವಿನ ಆ ಗಳಿಗೆ. ಬೆರಗು ಮನುಷ್ಯನನ್ನು ಮೆದುಮಾಡುತ್ತದೆ, ಅವನ ಕೈ ತಡೆಯುತ್ತದೆ ಎಂದು ನಾವು ನಂಬಿದ್ದೇವೆ. ಹಾಗೇನಿಲ್ಲ. ಒಂದೇ ಜೋಡಿ ಕಣ್ಣು ಬೆಳಿಗ್ಗೆ ಬೆರಗಾಗಬಹುದು, ಸಂಜೆಗೆ ಅದರಲ್ಲೇ ಸುಣ್ಣದ ತೂಕ ಅಳೆಯಬಹುದು. ಚೆಲುವು ತನ್ನನ್ನು ತಾನು ಕಾಪಾಡಿಕೊಳ್ಳಲಾರದು.

ಹಾಗಾದರೆ ಗೋರಿಯನ್ನು ಕಾಪಾಡಿದ್ದು ಯಾವುದು? ಒಂದು ಪುಸ್ತಕದ ಕೆಲವು ಸಾಲುಗಳು. ಪ್ಲಿನಿ ಕೊಟ್ಟ ಅಳತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಬದಿ 63 ಅಡಿ ಎನ್ನುತ್ತಾನೆ, ಮುಂಭಾಗ ಅದಕ್ಕಿಂತ ಕಿರಿದು ಎನ್ನುತ್ತಾನೆ, ಸುತ್ತಳತೆ 440 ಅಡಿ ಎನ್ನುತ್ತಾನೆ. ಹೇಗೆ ಕೂಡಿದರೂ ಲೆಕ್ಕ ಕೂಡದು. ಬಹುಶಃ ಇದೇ ಗೋರಿಗೆ ವರವಾಯಿತು. ಲೆಕ್ಕ ಸರಿಯಿದ್ದಿದ್ದರೆ ಒಬ್ಬನು ಚಿತ್ರ ಬರೆದು ಮುಗಿಸುತ್ತಿದ್ದ; ಸರಿಯಿಲ್ಲದ್ದರಿಂದ ತಲೆಮಾರಿನ ಮೇಲೆ ತಲೆಮಾರು ತಲೆ ಕೆಡಿಸಿಕೊಂಡಿತು. ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ ಕೂಡ ಈ ಒಗಟನ್ನು ಬಿಡಿಸಲು ಕೂತ. ಅವನ ಶಿಷ್ಯ ನಿಕೋಲಸ್ ಹಾಕ್ಸ್‌ಮೂರ್ ಒಂದು ಹೆಜ್ಜೆ ಮುಂದೆ ಹೋಗಿ, 1730ರ ಸುಮಾರಿಗೆ ಲಂಡನ್ನಿನ ಬ್ಲೂಮ್ಸ್‌ಬರಿಯ ಸೇಂಟ್ ಜಾರ್ಜ್ ಚರ್ಚಿನ ಶಿಖರವನ್ನು ಆ ಮೆಟ್ಟಿಲ ಪಿರಮಿಡ್ಡಿನ ಆಕಾರದಲ್ಲಿ ಕಟ್ಟಿದ. ರಥದ ಜಾಗದಲ್ಲಿ ದೊರೆ ಒಂದನೆಯ ಜಾರ್ಜ್ ನಿಂತ.

ಆಗಿನ್ನೂ ಮೂಲ ಗೋರಿಯ ಜಾಗ ಎಲ್ಲಿ ಎಂಬುದೇ ಗೊತ್ತಿರಲಿಲ್ಲ. ಚಾರ್ಲ್ಸ್ ನ್ಯೂಟನ್ ಎಂಬ ಪುರಾತತ್ವಜ್ಞ ಹಳೆಯ ಲೇಖಕರ ಮಾತಿನ ಜಾಡು ಹಿಡಿದು, ಮೇಲಿದ್ದ ಮನೆಗಳನ್ನು ಒಂದೊಂದಾಗಿ ಕೊಂಡು ಕೆಡವಿ ಅಗೆಸಿದ್ದು 1857ರ ಆಸುಪಾಸಿನಲ್ಲಿ. ಸಿಕ್ಕ ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದವು. ಆ ಮ್ಯೂಸಿಯಮ್ಮಿನಿಂದ ಹಾಕ್ಸ್‌ಮೂರನ ಚರ್ಚಿಗೆ ನಡೆದರೆ ಕೆಲವೇ ನಿಮಿಷ. ನೆರಳು ಮೊದಲು ಬಂದು ನೂರಕ್ಕೂ ಹೆಚ್ಚು ವರ್ಷ ಕಾದ ಮೇಲೆ ಮೈ ಬಂದು ಪಕ್ಕದ ಬೀದಿಗೆ ಸೇರಿತು.

ಬಂದವುಗಳಲ್ಲಿ ಸುಮಾರು ಮೂರು ಮೀಟರ್ ಎತ್ತರದ ಎರಡು ಪ್ರತಿಮೆಗಳು ಎಲ್ಲರ ಕಣ್ಣು ಸೆಳೆಯುತ್ತವೆ. ಗಂಡಸಿನದು ಹಣೆಯಿಂದ ಹಿಂದಕ್ಕೆ ಬಾಚಿದ ಉದ್ದ ಕೂದಲು, ಕಿರುಗಡ್ಡ, ತುಂಬಿದ ತುಟಿ. ಗ್ರೀಕ್ ಶಿಲ್ಪದ ಸಿದ್ಧ ಮುಖವಲ್ಲ, ಆ ಮಣ್ಣಿನವನ ಮುಖ. ಹೆಂಗಸಿನ ಹಣೆಯ ಮೇಲೆ ಮೂರು ಸಾಲು ಗುಂಗುರು ಸುರುಳಿಗಳು ಅಚ್ಚುಕಟ್ಟಾಗಿವೆ, ಕೆಳಗೆ ಮುಖವೇ ಒಡೆದುಹೋಗಿದೆ. ಮೌಸೋಲಸ್, ಆರ್ಟಿಮಿಸಿಯಾ ಎಂದು ಜನ ಕರೆದರು. ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಕಂಬಗಳ ನಡುವೆ ಸಾಲಾಗಿ ನಿಂತಿದ್ದ ವಂಶಸ್ಥರಲ್ಲಿ ಇವರೂ ಯಾರೋ ಇಬ್ಬರು ಎನ್ನುತ್ತಾರೆ. ತನ್ನ ಗೋರಿಯ ಕಲ್ಲುಗಳ ನಡುವೆಯೇ ತನ್ನ ಮುಖ ಯಾವುದೆಂದು ಖಚಿತವಾಗಿ ಹೇಳಿಸಿಕೊಳ್ಳುವ ಭಾಗ್ಯ ಆ ದೊರೆಗೆ ಇಲ್ಲ.

ಆಕಾರ ಮಾತ್ರ ಊರೂರು ಸುತ್ತಿತು. 1897ರಲ್ಲಿ ನ್ಯೂಯಾರ್ಕಿನಲ್ಲಿ ಮುಗಿದ ಜನರಲ್ ಗ್ರಾಂಟನ ಗೋರಿಯಲ್ಲಿ ಅದರ ಛಾಯೆ ಇದೆ. 1915ರಲ್ಲಿ ವಾಷಿಂಗ್ಟನ್ನಿನ ಫ್ರೀಮೇಸನ್ನರ ಮಂದಿರ ಅದನ್ನು ಹೆಚ್ಚುಕಡಿಮೆ ಇಡಿಯಾಗಿ ಎತ್ತಿಕೊಂಡಿತು. 1928ರಲ್ಲಿ ಲಾಸ್ ಏಂಜಲೀಸ್ ನಗರಾಡಳಿತ ಕಚೇರಿಯ ಗೋಪುರದ ನೆತ್ತಿಗೇರಿತು. ಕೂದಲಿನ ನೆಪದಲ್ಲಿ ತೆರಿಗೆ ಎತ್ತಿದವನ ಗೋರಿ ತೆರಿಗೆ ಎತ್ತುವವರ ತಲೆಯ ಮೇಲೆ ಕೂತದ್ದು ಒಂದು ಲೆಕ್ಕದಲ್ಲಿ ಸರಿಯೇ.

ಕೊನೆಗೆ ಅದು ಆಸ್ಟ್ರೇಲಿಯಾದ ಮೆಲ್ಬರ್ನ್ ತಲುಪಿತು. ಮೊದಲ ಮಹಾಯುದ್ಧದಲ್ಲಿ ಸತ್ತ ವಿಕ್ಟೋರಿಯಾ ರಾಜ್ಯದ ಸೈನಿಕರಿಗಾಗಿ 1934ರ ನವೆಂಬರ್ 11ರಂದು ತೆರೆದ ‘ಶ್ರೈನ್ ಆಫ್ ರಿಮೆಂಬರೆನ್ಸ್’ನ ಮೆಟ್ಟಿಲ ಚಾವಣಿ ಹಾಲಿಕರ್ನಾಸಸ್ಸಿನದು. ವಿನ್ಯಾಸ ಮಾಡಿದ ಹಡ್ಸನ್ ಮತ್ತು ವಾರ್ಡ್ರಪ್ ಇಬ್ಬರೂ ಆ ಯುದ್ಧದಲ್ಲಿ ದುಡಿದು ಬಂದವರು. ಒಳಗೆ ಒಂದು ಸ್ಮರಣೆಯ ಕಲ್ಲನ್ನು ನೆಲಮಟ್ಟಕ್ಕಿಂತ ಕೆಳಗೆ ಇಟ್ಟಿದ್ದಾರೆ, ಓದಬೇಕಾದವರು ತಲೆ ಬಾಗಿಸಲೇಬೇಕು. ವರ್ಷಕ್ಕೊಮ್ಮೆ, ಯುದ್ಧ ನಿಂತ ದಿನ, ಹನ್ನೊಂದು ಗಂಟೆಗೆ ಚಾವಣಿಯ ಕಿಂಡಿಯಿಂದ ಬಿಸಿಲ ಕೋಲೊಂದು ಆ ಕಲ್ಲನ್ನು ಹಾದುಹೋಗುವಂತೆ ಕಟ್ಟಿದ್ದಾರೆ. ಆ ಸೈನಿಕರ ದೇಹಗಳು ಊರಿಗೆ ಮರಳಲಿಲ್ಲ. ಅವರಲ್ಲಿ ಅನೇಕರು ಸತ್ತದ್ದು 1915ರಲ್ಲಿ ಗಲಿಪೊಲಿಯಲ್ಲಿ, ಅಂದರೆ ತುರ್ಕಿಯ ನೆಲದಲ್ಲಿ. ಅದೇ ನೆಲದ ಕಡಲ ತೀರದಲ್ಲಿ ಹುಟ್ಟಿದ ಗೋರಿಯ ಆಕಾರ ಸಾಗರಗಳನ್ನು ದಾಟಿ, ಮಗನ ಗೋರಿಯನ್ನು ಎಂದೂ ನೋಡಲಾಗದ ತಾಯಂದಿರ ಊರಿಗೆ ಬಂತು.

ಡಯೋಜನಿಸ್‌ನ ನಗೆ ಮೌಸೋಲಸ್‌ನ ಮಟ್ಟಿಗೆ ನ್ಯಾಯವಾದದ್ದೇ. ಕಲ್ಲಿನ ಭಾರ ಹೊತ್ತು ಮಲಗಿದ್ದಕ್ಕೆ ಅವನಿಗೆ ಏನೂ ಸಿಗಲಿಲ್ಲ. ಆದರೆ ಆ ನಗೆಯ ಲೆಕ್ಕದಲ್ಲಿ ಕಟ್ಟಿಸಿದವನು ಇದ್ದ, ನೋಡುವವರು ಇದ್ದರು, ಕಟ್ಟಿದವರು ಇರಲಿಲ್ಲ. ಕೂಲಿ ಕೊಡುವವಳು ಇಲ್ಲವಾದ ಮೇಲೂ ಉಳಿದು ಕೆಲಸ ಮಾಡಿದವರು ಆ ಆಕಾರವನ್ನು ಒಬ್ಬ ದೊರೆಗೆ ಮಾತ್ರ ಸಾಲುವಷ್ಟಾಗಿ ಮಾಡಲಿಲ್ಲ. ಯಾರ ದುಃಖಕ್ಕೂ ಒದಗುವಷ್ಟು ದೊಡ್ಡದು ಮಾಡಿದರು. ಅರಸರ ಆಸೆಯಿಂದ ಕಟ್ಟಡಗಳು ಹುಟ್ಟುವುದು ನಿಜ. ಬಾಳುವುದು ಮಾತ್ರ ಕಡಿವಾಣ ಕೂರಿಸಿದ ಕೈಗಳ ಹಟದಿಂದ. ಆ ಹಟಕ್ಕೆ ಹೆಸರು ಕೆತ್ತಿಸಿಕೊಳ್ಳುವ ಗರಜು ಇಲ್ಲದ್ದರಿಂದಲೇ, ಹೆಸರೂ ಗೋರಿಯೂ ಇಲ್ಲದವರು ಅದರ ಕೆಳಗೆ ಬಂದು ನಿಲ್ಲಬಹುದು.