ಸಂತಾನವೂ ಸಂಕಲ್ಪವೂ

ಸಂತಾನಹೀನತೆಯು ಒಂದು ಮನೆತನದ ದುಃಖವಾಗಿ ಮಾತ್ರ ಉಳಿಯದೆ ಒಂದು ಸಂಸ್ಥಾನದ ಅಳಿವಿಗೂ ನೆಪವಾಗಬಲ್ಲುದೆಂಬುದನ್ನು ಕಿತ್ತೂರಿನ ನೆಲ ಕಂಡಿದೆ. 1824ರಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರ ಸರ್ಜನು ಔರಸಪುತ್ರನಿಲ್ಲದೆ ತೀರಿಕೊಂಡಾಗ ಅವನ ದತ್ತಕವನ್ನು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಮಾನ್ಯಮಾಡಲಿಲ್ಲ. ಅದರಿಂದೊದಗಿದ ಯುದ್ಧದ ಕೊನೆಯಲ್ಲಿ ಸೆರೆಸಿಕ್ಕ ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದಲ್ಲಿ ದೇಹವಿಟ್ಟಳು. ಇದೇ ಸೀಮೆಯ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಮಕ್ಕಳ ಫಲ ಬೇಡಿ ಹರಕೆ ಹೊತ್ತು ಬರುವವರು ಇಂದಿಗೂ ಉಂಟು. ಸಂತಾನವನ್ನು ಇಷ್ಟು ಗಾಢವಾಗಿ ಬಯಸಿದ ಈ ಸೀಮೆಯಲ್ಲಿ, ಬೈಲಹೊಂಗಲದಿಂದ ರಾಮದುರ್ಗದವರೆಗೆ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಗರ್ಭನಿರೋಧಕ ಗುಳಿಗೆಯು ಮನೆಬಾಗಿಲಿಗೆ ಬಂದಿರುವಾಗ, ಬರತಕ್ಕ ಜೀವವನ್ನು ತಡೆಯುವುದು ಪಾಪವಲ್ಲವೆ ಎಂಬ ಶಂಕೆಯು ಹಿರಿಯರ ಮನದಲ್ಲಿ ಏಳುವುದು ಸಹಜವೇ ಸರಿ.

ಪಾಪಪುಣ್ಯಗಳನ್ನು ನಿರ್ಣಯಿಸುವ ಮುನ್ನ ಕ್ರಿಯೆಯ ಸ್ವರೂಪವನ್ನು ಅರಿಯುವುದು ಅವಶ್ಯ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರೇರಣೆಯಿಂದ ಅಂಡಾಶಯವು ಸಾಮಾನ್ಯವಾಗಿ ತಿಂಗಳಿಗೊಂದು ಅಂಡವನ್ನು ಪಕ್ವಗೊಳಿಸಿ ಹೊರಬಿಡುತ್ತದೆ. ಸರಕಾರವು ಉಚಿತವಾಗಿ ಹಂಚುವ ಮಾಲಾ-ಎನ್ ಪಟ್ಟಿಯ 28 ಗುಳಿಗೆಗಳಲ್ಲಿ 21ರೊಳಗೆ ಈಸ್ಟ್ರೊಜೆನ್ ಹಾಗೂ ಪ್ರೊಜೆಸ್ಟಿನ್ ಎಂಬ ಹಾರ್ಮೋನುಗಳ ಅತ್ಯಲ್ಪ ಪ್ರಮಾಣವೂ, ಉಳಿದ 7ರಲ್ಲಿ ಕಬ್ಬಿಣದ ಅಂಶವೂ ಇರುತ್ತವೆ. ದಿನವೂ ತಪ್ಪದೆ ಸೇವಿಸಿದರೆ ಆ ಹಾರ್ಮೋನುಗಳು ಗ್ರಂಥಿಯ ಪ್ರೇರಣೆಯನ್ನು ತಗ್ಗಿಸುವುದರಿಂದ ಅಂಡವು ಹೊರಬೀಳುವುದಿಲ್ಲ. ಗರ್ಭಕೋಶದ ಕೊರಳಿನ ಲೋಳೆಯು ಗಟ್ಟಿಯಾಗಿ ವೀರ್ಯಾಣುವಿನ ದಾರಿ ಕಟ್ಟುತ್ತದೆ. ಗರ್ಭಕೋಶದ ಒಳಪದರವೂ ತೆಳುವಾಗುತ್ತದೆ. ಫಲಿತ ಅಂಡವು ನೆಲೆಯೂರಲಾರದೆಂದು ಈ ಕೊನೆಯದನ್ನು ಹಿಡಿದು ಆಕ್ಷೇಪಿಸುವವರುಂಟಾದರೂ ಗುಳಿಗೆಯ ಪ್ರಧಾನಕಾರ್ಯವು ಅಂಡವನ್ನು ತಡೆಹಿಡಿಯುವುದೇ ಆಗಿದೆ. ನೆಲೆನಿಂತ ಬಸಿರನ್ನು ಅದು ಕೆಡಿಸಲಾರದು. ಸೇವನೆಯನ್ನು ನಿಲ್ಲಿಸಿದರೆ ಗರ್ಭಧಾರಣಶಕ್ತಿಯೂ ಮರಳುತ್ತದೆ.

ಹಿಂಸೆಯೆನ್ನಲು ಹಿಂಸೆಗೊಳಗಾಗುವ ಜೀವವೊಂದಿರಬೇಕಷ್ಟೆ. ಎರೆಭೂಮಿಯ ರೈತನು ಹದ ಬರುವತನಕ ಬಿತ್ತದೆ ಕಾದರೆ ಬೆಳೆಯನ್ನು ಕೊಂದನೆಂದು ಯಾರೂ ಅವನನ್ನು ದೂರಲಾರರು. ಆದುದರಿಂದ ಗುಳಿಗೆಗೆ ಭ್ರೂಣಹತ್ಯೆಯ ದೋಷವನ್ನು ಹಚ್ಚುವುದು ವಿವೇಕವೆನಿಸದು.

ಇದಕ್ಕಿಂತ ಗಂಭೀರವಾದ ಆಕ್ಷೇಪವು ಸಂಯಮವಾದಿಗಳದು. 1935ರ ಡಿಸೆಂಬರಿನಲ್ಲಿ ವರ್ಧಾಕ್ಕೆ ಬಂದ ಸಂತತಿನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್‌ಗೆ ಗಾಂಧೀಜಿಯವರು ಬ್ರಹ್ಮಚರ್ಯವೊಂದೇ ಯೋಗ್ಯ ಮಾರ್ಗವೆಂದು ಪ್ರತಿಪಾದಿಸಿದರು. 1968ರಲ್ಲಿ ಪೋಪ್ ಆರನೆಯ ಪಾಲ್‌ರು, ಗುಳಿಗೆಯ ಶೋಧಕರಲ್ಲೊಬ್ಬನಾದ ಜಾನ್ ರಾಕ್ ಸ್ವತಃ ಕ್ಯಾಥೊಲಿಕನಾಗಿದ್ದರೂ, ಕೃತಕ ನಿರೋಧವನ್ನು ನಿಷೇಧಿಸಿದರು. ಸಂಯಮವು ಶ್ರೇಷ್ಠವೆಂಬುದು ನಿಜ; ಆದರೆ ಇಬ್ಬರು ಕೂಡಿ ಪಾಲಿಸತಕ್ಕ ವ್ರತವು ಒಬ್ಬನ ಮನಸ್ಸಿಗೆ ಬಿಟ್ಟದ್ದಾದಾಗ, ಅದು ಮುರಿದುದರ ಭಾರವನ್ನೆಲ್ಲ ಹೊರಬೇಕಾದವಳು ಹೆಣ್ಣೊಬ್ಬಳೇ. 1930ರಲ್ಲಿಯೇ ಮೈಸೂರು ಸಂಸ್ಥಾನವು ಸರಕಾರದ ವತಿಯಿಂದ ಸಂತತಿನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದುದು ಈ ಭಾರವನ್ನು ಕಂಡುದರ ಗುರುತೆನ್ನಬಹುದು.

ಇನ್ನು ಸಂತಾನ ಪಡೆದೇ ತೀರಿಸಬೇಕೆನ್ನುವ ಪಿತೃಋಣದ ಮಾತು. ಆ ಋಣವು ತೀರುವುದು ಹೆತ್ತ ಮಕ್ಕಳ ಲೆಕ್ಕದಿಂದಲ್ಲ, ಹೆತ್ತ ಮಕ್ಕಳನ್ನು ಸಲಹುವುದರಿಂದ. ಸಲಹುವವಳ ದೇಹವೂ ಕ್ಷೇಮವಾಗಿರಬೇಕಾದುದರಿಂದ, ಅಧಿಕ ರಕ್ತದೊತ್ತಡವುಳ್ಳವಳೂ, ಧೂಮಪಾನ ಮಾಡುವ 35 ದಾಟಿದವಳೂ, ಎಳೆಗೂಸಿಗೆ ಹಾಲೂಡಿಸುವವಳೂ ವೈದ್ಯರ ಸಲಹೆಯಿಲ್ಲದೆ ಈ ಗುಳಿಗೆಯನ್ನು ನುಂಗಬಾರದು. ತನ್ನ ದೇಹವನ್ನು ಕಾಯುವುದೂ ಧರ್ಮದ ಅಂಗವೇ. ಮೊಮ್ಮಗನಿಗಾಗಿ ಕಾಡುವ ಅತ್ತೆಯ ಒತ್ತಾಯವೂ, 1975-77ರ ತುರ್ತುಪರಿಸ್ಥಿತಿಯಲ್ಲಿ ಸಂತಾನಹರಣ ಶಸ್ತ್ರಕ್ರಿಯೆಗೆ ಜನರನ್ನು ಎಳೆದೊಯ್ದ ಪ್ರಭುತ್ವದ ಒತ್ತಾಯವೂ ಹೊರನೋಟಕ್ಕೆ ವಿರುದ್ಧವಾಗಿ ಕಂಡರೂ ಒಂದೇ ಅಧರ್ಮದ ಎರಡು ರೂಪಗಳು. ಏಕೆಂದರೆ ಎರಡೂ ಸಂಕಲ್ಪವನ್ನು ಅದರ ಒಡತಿಯ ಅಥವಾ ಒಡೆಯನ ಕೈಯಿಂದ ಕಸಿಯುತ್ತವೆ. ತಾಯಾಗುವೆನೆಂಬ ಸಂಕಲ್ಪಕ್ಕೆ ಸಲ್ಲುವ ಗೌರವವೇ, ಈಗ ಬೇಡವೆಂಬ ಸಂಕಲ್ಪಕ್ಕೂ ಸಲ್ಲತಕ್ಕದ್ದು.