ಹೆಸರು ಯಾರ ಸ್ವತ್ತು?

ಕೈಯಿಂದ ಮಾಡಿದ ವಸ್ತುವೊಂದಕ್ಕೆ ಇರುವ ಹೆಸರು ಆ ವಸ್ತುವಿನೊಳಗೇ ಸೇರಿದ್ದೋ, ಇಲ್ಲ ಜನ ಹೊರಗಿನಿಂದ ಕೊಟ್ಟ ಗುರುತೋ ಎಂಬುದು ಭಾರತೀಯ ದರ್ಶನಗಳು ಬಹುಕಾಲ ಚರ್ಚಿಸಿದ ಪ್ರಶ್ನೆ. ನಾಮ, ರೂಪ ಎಂದು ಉಪನಿಷತ್ತುಗಳು ಜೋಡಿಸಿ ಹೇಳಿದ್ದನ್ನು ಬೌದ್ಧರು, ನೈಯಾಯಿಕರು, ಮೀಮಾಂಸಕರು ತಮ್ಮ ತಮ್ಮ ದಾರಿಯಲ್ಲಿ ಬಿಡಿಸಿದರು. ಇಂದು ಈ ಪ್ರಶ್ನೆ ಬ್ರಾಂಡ್ ಎಂಬ ವೇಷದಲ್ಲಿ ಅಂಗಡಿಗೂ ಕೋರ್ಟಿಗೂ ಬಂದಿದೆ. ಅದನ್ನು ಪರಿಶೀಲಿಸಲು ಎರಡು ಹೆಸರುಗಳು ಒಳ್ಳೆಯ ಉದಾಹರಣೆಗಳು. ಒಂದು ಚನ್ನಪಟ್ಟಣದ ಗೊಂಬೆ, ಇನ್ನೊಂದು ಸ್ಕೇಟ್‌ಬೋರ್ಡ್ ಆಡುವವರ ಕಾಲಿಗೆ ಸೇರಿ ಜಗತ್ತಿಗೆಲ್ಲ ಹಬ್ಬಿದ ವ್ಯಾನ್ಸ್ ಶೂ. ಎರಡೂ ಆಟಕ್ಕೆ ಸಂಬಂಧಿಸಿದವು, ಎರಡೂ ತಾವು ಹುಟ್ಟಿದ ಊರಿನಿಂದ ಬಹುದೂರ ಹೋದವು. ಹೆಸರಿನ ಒಡೆತನದ ವಿಷಯದಲ್ಲಿ ಮಾತ್ರ ಇವೆರಡರ ದಾರಿ ಬೇರೆ.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಗೊಂಬೆ ಹುಟ್ಟುವುದು ಆಲೆ ಮರದಿಂದ. ದಂತದ ಬಣ್ಣದ, ಮೆದುವಾದ, ಎಳೆ ನುಣುಪಾದ ಈ ಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ಲೇತಿಗೆ ಕಟ್ಟಿ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಆಮೇಲೆ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಇಲ್ಲಿ ಕುಂಚವಿಲ್ಲ, ಬೇರೆ ಒಲೆಯೂ ಬೇಕಿಲ್ಲ. ಬಣ್ಣ ಬಳಿಯುವ ಬಿಸಿಯನ್ನು ಮರ ತನ್ನ ತಿರುಗುವಿಕೆಯಿಂದಲೇ ಕೊಡುತ್ತದೆ. ಇಷ್ಟು ಸರಳವಾದ, ಇಷ್ಟು ಜಾಣ್ಮೆಯ ಕೆಲಸ ಕರಕುಶಲ ಕಲೆಗಳಲ್ಲೇ ಅಪರೂಪ.

ಕಲೆಯ ಮೂಲವನ್ನು ಪರಂಪರೆ ಟಿಪ್ಪು ಸುಲ್ತಾನನ ಕಾಲಕ್ಕೆ, ಆತ ಕರೆಸಿದನೆನ್ನಲಾದ ಪರ್ಷಿಯಾದ ಕುಶಲಿಗರಿಗೆ ಒಯ್ಯುತ್ತದೆ. 20ನೇ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದ ವಿಧಾನಗಳನ್ನು ಊರಿನವರಿಗೆ ಪರಿಚಯಿಸಿದ ಕೀರ್ತಿ ಬಾವಾಸ್ ಮಿಯಾನ್ ಅವರಿಗೆ ಸಲ್ಲುತ್ತದೆ. ಕೈಲೇತಿನ ಜಾಗಕ್ಕೆ ವಿದ್ಯುತ್ ಲೇತು ಬಂತು. ಆಲೆ ಮರ ಸಾಲದೆ ರಬ್ಬರ್ ಮರದಂಥ ಬೇರೆ ಮರಗಳೂ ಸೇರಿದವು. ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳ ಪಕ್ಕಕ್ಕೆ ರಾಸಾಯನಿಕ ಬಣ್ಣಗಳು ಬಂದವು. ಮಕ್ಕಳ ಸುರಕ್ಷತೆಯ ನಿಯಮಗಳು ಬಿಗಿಯಾದಾಗ ಸಸ್ಯದ ಬಣ್ಣಗಳಿಗೆ ಮತ್ತೆ ಬೆಲೆ ಬಂತು. ಆಕಾರಗಳೂ ಬದಲಾದವು. ಗಿಲಕಿ, ಬುಗುರಿಗಳ ಜೊತೆಗೆ ಇಂದು ಅಕ್ಷರ ಕಲಿಸುವ ಆಟಿಕೆ, ದೀಪದ ಕಂಬ, ಕಿವಿಯೋಲೆಗಳೂ ಅದೇ ಲೇತಿನಿಂದ ಇಳಿಯುತ್ತವೆ. ಮರ, ಬಣ್ಣ, ಯಂತ್ರ, ಆಕಾರ ಎಲ್ಲವೂ ಒಂದಲ್ಲ ಒಂದು ಹಂತದಲ್ಲಿ ಬದಲಾದ ಮೇಲೆ ಚನ್ನಪಟ್ಟಣದ ಗೊಂಬೆಯೆಂದು ಉಳಿದಿರುವುದು ಯಾವುದು?

ಕ್ರಿಸ್ತಪೂರ್ವ 2ನೇ ಶತಮಾನದ ಯವನ ದೊರೆ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ಹೆಸರಾದ ಮಿಲಿಂದಪನ್ಹದಲ್ಲಿ ಇದೇ ಪ್ರಶ್ನೆ ರಥದ ನೆವದಲ್ಲಿ ಬರುತ್ತದೆ. ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ. ಇವುಗಳ ಕೂಟವನ್ನು ಆಧರಿಸಿ ವ್ಯವಹಾರಕ್ಕೆಂದು ನಡೆದು ಬಂದ ಹೆಸರೇ ರಥ ಎಂಬುದು ನಾಗಸೇನನ ನಿಲುವು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅವಯವಗಳಿಂದ ಬೇರೆಯಾದ ಅವಯವಿ ನಿಜವಾಗಿಯೂ ಇದೆ. ಒಂದು ಅವಯವ ಹೋದರೆ ಹಳೆಯ ಅವಯವಿ ಅಳಿದು ಹೊಸದು ಹುಟ್ಟುತ್ತದೆ. ಛಾಂದೋಗ್ಯದ 6ನೇ ಅಧ್ಯಾಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಮಣ್ಣಿನ ಪಾತ್ರೆಗಳ ಉದಾಹರಣೆ ಕೊಟ್ಟು, ಮಣ್ಣೇ ಸತ್ಯ, ಆಕಾರಗಳು ಮಾತಿನಿಂದ ಹುಟ್ಟಿದ ಹೆಸರುಗಳು ಎಂದು ಹೇಳುತ್ತಾನೆ. ಶಂಕರರ ಅದ್ವೈತಕ್ಕೆ ಇದು ಮುಖ್ಯ ಆಧಾರ.

ಚನ್ನಪಟ್ಟಣದ ಮುಂದೆ ಈ ಮೂರೂ ಉತ್ತರಗಳು ಪೂರ್ತಿ ಒಗ್ಗುವುದಿಲ್ಲ. ಮರವೇ ಸತ್ಯ ಎನ್ನೋಣವೆಂದರೆ ಮರವೇ ಬದಲಾಗಿದೆ. ಪ್ರತಿ ಬದಲಾವಣೆಗೂ ಹೊಸ ವಸ್ತು ಹುಟ್ಟಿತೆಂದರೆ ಮೂರು ತಲೆಮಾರಿನ ಕಸುಬುದಾರ ಮನೆತನದ ಅನುಭವಕ್ಕೆ ಅದು ವಿರುದ್ಧ. ನಾಗಸೇನನ ಮಾತು ಹೆಚ್ಚು ಹತ್ತಿರ ಬರುತ್ತದೆಯಾದರೂ ಅದು ಒಂದನ್ನು ಬಿಟ್ಟುಬಿಡುತ್ತದೆ. ವ್ಯವಹಾರದ ಹೆಸರು ತನ್ನಷ್ಟಕ್ಕೆ ನಡೆಯುವುದಿಲ್ಲ. ಯಾರೋ ಅದನ್ನು ನಡೆಸುತ್ತಿರಬೇಕು. ಉಳಿಯನ್ನು ಯಾವ ಕೋನದಲ್ಲಿ ಹಿಡಿಯಬೇಕು, ಅರಗನ್ನು ಎಷ್ಟು ಒತ್ತಿದರೆ ಸಮವಾಗಿ ಹರಡುತ್ತದೆ ಎಂಬುದನ್ನು ಒಂದು ಕೈ ಇನ್ನೊಂದು ಕೈಗೆ ಕಲಿಸುತ್ತಾ ಬಂದಿದೆ. ವಸ್ತುಗಳೆಲ್ಲ ಬದಲಾದಾಗಲೂ ಕಡಿಯದೆ ಬಂದದ್ದು ಆ ಕಲಿಕೆ. ಹೆಸರಿಗೆ ಆಧಾರವೂ ಅದೇ.

ಶೂವಿನ ಕಥೆ 1966ರ ಮಾರ್ಚ್ 16ರಂದು ಅಮೆರಿಕದ ಕ್ಯಾಲಿಫೋರ್ನಿಯದ ಆನಹೈಮ್‌ನಲ್ಲಿ ಆರಂಭವಾಯಿತು. ಪಾಲ್ ಮತ್ತು ಜೇಮ್ಸ್ ವ್ಯಾನ್ ಡೊರೆನ್ ಸಹೋದರರು ಇಬ್ಬರು ಪಾಲುದಾರರೊಡನೆ ವ್ಯಾನ್ ಡೊರೆನ್ ರಬ್ಬರ್ ಕಂಪನಿಯನ್ನು ತೆರೆದರು. ಕಾರ್ಖಾನೆಯೂ ಅಂಗಡಿಯೂ ಒಂದೇ ಕಡೆ ಇದ್ದವು. ಮೊದಲ ದಿನ ಬಂದ 12 ಗಿರಾಕಿಗಳ ಶೂಗಳು ಅಂದೇ ತಯಾರಾಗಿ ಸಂಜೆಯ ಹೊತ್ತಿಗೆ ಅವರ ಕೈ ಸೇರಿದವು. ಅದು ಸ್ಕೇಟ್‌ಬೋರ್ಡಿಗೆಂದು ಮಾಡಿದ ಶೂ ಆಗಿರಲಿಲ್ಲ. ದಪ್ಪ ರಬ್ಬರಿನ ಅಂಟುವ ಅಟ್ಟೆ ಗಾಲಿಹಲಗೆಯ ಮೇಲೆ ಚೆನ್ನಾಗಿ ನಿಲ್ಲುತ್ತದೆಂದು ಕಂಡುಕೊಂಡವರು ಆಡುವ ಹುಡುಗರು. ಹಲಗೆಯ ಮೇಲೆ ಒಂದೇ ಕಾಲಿನ ಶೂ ಬೇಗ ಸವೆಯುತ್ತದೆ. ಅಂಥವರಿಗೆ ಕಂಪನಿ ಒಂಟಿ ಶೂವನ್ನೂ ಮಾರಿತು. 1976ರಲ್ಲಿ ಟೋನಿ ಆಲ್ವಾ, ಸ್ಟೇಸಿ ಪೆರಾಲ್ಟಾ ಎಂಬ ಆಟಗಾರರ ಸಲಹೆಯಂತೆ ಹಿಮ್ಮಡಿಯ ಸುತ್ತ ಮೆತ್ತೆಯಿಟ್ಟ ಮಾದರಿ ಬಂತು. ಮರುವರ್ಷ ಪಕ್ಕದಲ್ಲಿ ಅಲೆಯಂಥ ಪಟ್ಟಿಯಿರುವ ಓಲ್ಡ್ ಸ್ಕೂಲ್ ಬಂತು. 1982ರ ಒಂದು ಹಾಲಿವುಡ್ ಸಿನಿಮಾದಲ್ಲಿ ನಟ ಶಾನ್ ಪೆನ್ ಚದುರಂಗದ ಮಣೆಯಂಥ ಕಪ್ಪು–ಬಿಳಿ ಚೌಕದ ಶೂ ತೊಟ್ಟ ಮೇಲೆ ಅದು ಊರೂರಿನ ಯುವಜನರ ಗುರುತಾಯಿತು. ಪಂಕ್ ಸಂಗೀತ, ಗೋಡೆಚಿತ್ರ, ಬೀದಿಯ ಉಡುಪು ಎಲ್ಲವೂ ಆ ಹೆಸರಿನ ಸುತ್ತ ಬಂದು ಸೇರಿದವು.

ಹೀಗೆ ತುಂಬಿಕೊಂಡ ಹೆಸರು ಬಳಕೆದಾರರ ದುಡಿಮೆಯೂ ಹೌದು. ಆದರೆ ಕಾನೂನಿನಲ್ಲಿ ಅದು ಮಾರಾಟದ ಸ್ವತ್ತು. 1984ರಲ್ಲಿ ಕಂಪನಿ ದಿವಾಳಿ ರಕ್ಷಣೆ ಕೇಳಿತು, 1988ರಲ್ಲಿ ಹೂಡಿಕೆದಾರರ ಕೈಗೆ ಹೋಯಿತು, ಮುಂದೆ ತಯಾರಿಕೆ ಅಮೆರಿಕದ ಹೊರಗೆ ಹೋಯಿತು, 2004ರಲ್ಲಿ ವಿಎಫ್ ಕಾರ್ಪೊರೇಷನ್ ಅದನ್ನು ಕೊಂಡಿತು. ಒಡೆಯರು, ಕಾರ್ಖಾನೆ, ಕೆಲಸಗಾರರು ಬದಲಾದರೂ ಹೆಸರು ಮಾತ್ರ ಅಖಂಡವಾಗಿ ಮುಂದುವರಿಯಿತು. ಕೈಗಳಿಂದ ಬಿಡಿಸಿಕೊಂಡು ತಾನೊಂದೇ ಸಾಗಬಲ್ಲ ಹೆಸರು ಎಂದರೆ ಇದು.

ಟ್ರೇಡ್‌ಮಾರ್ಕ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬೌದ್ಧ ತರ್ಕದ ದಿಙ್ನಾಗನಷ್ಟು ನಿಖರ ವಿವರಣೆ ಕೊಟ್ಟವರು ವಿರಳ. ಅವನ ಅಪೋಹವಾದದಂತೆ ಹಸು ಎಂಬ ಪದ ಹಸುವಿನ ಯಾವುದೋ ಸಾರವನ್ನು ತೋರಿಸುವುದಿಲ್ಲ. ಹಸುವಲ್ಲದ್ದನ್ನೆಲ್ಲ ದೂರ ತಳ್ಳುತ್ತದೆ, ಅಷ್ಟೇ. ಟ್ರೇಡ್‌ಮಾರ್ಕ್ ಕೂಡ ಶೂ ಎಂಥದ್ದಾಗಿರಬೇಕೆಂದು ಹೇಳುವುದಿಲ್ಲ. ಬೇರೆಯವರು ಆ ಗುರುತು ಹಾಕಬಾರದೆಂದು ಮಾತ್ರ ಹೇಳುತ್ತದೆ. ಮೀಮಾಂಸಕರ ಮತ ಇದಕ್ಕೆ ಎದುರು. ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಯಾರೂ ಮಾಡಿದ್ದಲ್ಲ, ಯಾರೂ ಮುರಿಯಲಾಗದ್ದು ಎಂದು ಜೈಮಿನಿಯ ಪರಂಪರೆ ಹೇಳುತ್ತದೆ. ಇಂಥ ನಿತ್ಯಸಂಬಂಧ ಮನುಷ್ಯರ ಕಸುಬಿನಲ್ಲಿ ಸಾಧ್ಯವಿಲ್ಲ. ಆದರೂ ಅದರ ಹತ್ತಿರಕ್ಕೆ ಬರುವ ಒಂದು ಕಾನೂನು ಇದೆ.

ಅದು 1999ರಲ್ಲಿ ಸಂಸತ್ತು ಅಂಗೀಕರಿಸಿ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆ. ಅದರಡಿ ಸಿಗುವ ನೋಂದಣಿಯನ್ನು ಜನ ಜಿಐ ಟ್ಯಾಗ್ ಎಂದೇ ಕರೆಯುತ್ತಾರೆ. ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಆ ದಶಕದಲ್ಲೇ ನೋಂದಣಿ ಸಿಕ್ಕಿತು. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆಯನ್ನು ತುಂಬುತ್ತಿದ್ದ ಕಾಲ ಅದು. ಇಲ್ಲಿ ಹೆಸರು ಒಂದು ಸ್ಥಳದ, ಒಂದು ವಿಧಾನದ ಜೊತೆ ಕಟ್ಟಿಕೊಂಡಿದೆ. ಕಾಯ್ದೆಯ 24ನೇ ಕಲಂ ಪ್ರಕಾರ ಜಿಐ ಹಕ್ಕನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ಒತ್ತೆಯಿಡುವಂತಿಲ್ಲ. ವ್ಯಾನ್ಸ್ ಹೆಸರನ್ನು ಕೊಂಡವರಂತೆ ಚನ್ನಪಟ್ಟಣದ ಹೆಸರನ್ನು ಯಾರೂ ಕೊಂಡು ಬೇರೆ ದೇಶದಲ್ಲಿ ಕಾರ್ಖಾನೆ ಹೂಡಲಾರರು. ಹೆಸರಿನ ನಿಜಸ್ವಭಾವಕ್ಕೆ ಹತ್ತಿರವಾದದ್ದು ಈ ಮಾರಲಾಗದ ಹೆಸರೇ. ಹಲವರು ಕೂಡಿ ತುಂಬಿದ್ದನ್ನು ಒಬ್ಬರು ಮಾರುವುದು ತಾತ್ವಿಕವಾಗಿ ಸರಿಯಲ್ಲ.

ಪಾದರಕ್ಷೆಯ ಲೋಕದಲ್ಲೇ ಈ ವಾದ ಇತ್ತೀಚೆಗೆ ಪರೀಕ್ಷೆಗೆ ಒಳಗಾಯಿತು. ಕೊಲ್ಹಾಪುರಿ ಚಪ್ಪಲಿಯ ಜಿಐ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳದ್ದಷ್ಟೇ ಅಲ್ಲ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳದ್ದೂ ಹೌದು. ಅಥಣಿ, ನಿಪ್ಪಾಣಿ ಕಡೆಯ ಚಮ್ಮಾರರು ತಲೆಮಾರುಗಳಿಂದ ಅದನ್ನು ಹೊಲಿಯುತ್ತಿದ್ದಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿತು. ಪ್ರತಿಭಟನೆ ಎದ್ದ ಮೇಲೆ ಅದರ ಪ್ರೇರಣೆ ಭಾರತದ ಕುಶಲಕರ್ಮಿಗಳದ್ದೆಂದು ಒಪ್ಪಿತು. ಇಲ್ಲಿ ರೂಪ ಹೋಗಿತ್ತು, ನಾಮ ಹೋಗಿರಲಿಲ್ಲ. ಜಿಐ ಕಾಯುವುದು ಹೆಸರನ್ನು. ಹೆಸರು ಹೇಳದೆ ರೂಪವನ್ನಷ್ಟೇ ಎತ್ತಿಕೊಂಡವರ ಮುಂದೆ ಅದರ ಬಲ ಕಡಿಮೆ.

ಇದಕ್ಕೆ ತದ್ವಿರುದ್ಧ ಎನ್ನಬಹುದಾದದ್ದು ರೇಷ್ಮೆಯಲ್ಲಿ ನಡೆಯುತ್ತದೆ. ಕನಕಪುರ, ಮಾಗಡಿ ಕಡೆಯ ರೈತರು ರಾಮನಗರದ ಮಾರುಕಟ್ಟೆಗೆ ತರುವ ಗೂಡು ನೂಲಾಗಿ, ಸೀರೆಯಾಗಿ ಅಂಗಡಿಗೆ ಬರುವ ಹೊತ್ತಿಗೆ ಬೇರೆ ಊರುಗಳ ಹೆಸರು ಹೊತ್ತಿರುತ್ತದೆ. ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈಗಳಿಗೆ ಸೀರೆಯ ಹೆಸರಿನಲ್ಲಿ ಪಾಲಿಲ್ಲ.

ಈ ಸೀಮೆಯ ಊರುಗಳ ಹೆಸರುಗಳೂ ನಾಮ–ರೂಪದ ಪಾಠವೇ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನಿಂದ ಕ್ಲೋಸ್‌ಪೇಟೆಯಾಗಿದ್ದ ಊರು ರಾಮನಗರವಾಯಿತು. 2007ರಲ್ಲಿ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಜಿಲ್ಲೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಿತು. ಬೆಂಗಳೂರಿನ ಹೆಸರಿದ್ದರೆ ಹೂಡಿಕೆ ಬರುತ್ತದೆ ಎಂಬುದು ಪರವಾದ ವಾದಗಳಲ್ಲಿ ಒಂದು. ಅಲ್ಲಿನ ಬಂಡೆಗಳು ಮಾತ್ರ ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್. ಸುಮಾರು 250 ಕೋಟಿ ವರ್ಷ ವಯಸ್ಸಿನ ಕಲ್ಲಿಗೆ ಇನ್ನೂರು ಚಿಲ್ಲರೆ ವರ್ಷಗಳ ಹಿಂದಿನ ಅಧಿಕಾರಿಯ ಹೆಸರು ಅಂಟಿ ಉಳಿದಿರುವುದು ನೈಯಾಯಿಕರ ಸಂಕೇತವಾದಕ್ಕೆ ಒಳ್ಳೆಯ ಸಾಕ್ಷಿ: ಹೆಸರು ಬಳಸುವವರ ಒಪ್ಪಂದ, ಬಳಸುವವರು ಬೇರೆಯಾದರೆ ಹೆಸರೂ ಬೇರೆ.

ಧರ್ಮದ ನೆಲೆಯಲ್ಲಿ ಕನ್ನಡಕ್ಕೆ ಈ ವಿಷಯದಲ್ಲಿ ತನ್ನದೇ ಚಿಂತನೆಯಿದೆ. ಅದು ಅಂಕಿತ. ವಚನವೋ ಕೀರ್ತನೆಯೋ ಯಾರದೆಂದು ತಿಳಿಯುವುದು ಅಂಕಿತದಿಂದ. ಆದರೆ ಅಲ್ಲಿರುವುದು ಬರೆದವರ ಹೆಸರಲ್ಲ, ದೇವರದು. ಬಸವಣ್ಣನವರು ಕೂಡಲಸಂಗಮದೇವನನ್ನು ಕರೆದರು, ಅಕ್ಕ ಚೆನ್ನಮಲ್ಲಿಕಾರ್ಜುನನನ್ನು ಕರೆದಳು, ಪುರಂದರದಾಸರು ಪುರಂದರ ವಿಠಲನನ್ನು ಕರೆದರು. ಗುರುತು ಖಚಿತ, ಒಡೆತನ ಮಾತ್ರ ಇಲ್ಲ. ಅಂಬಿಗರ ಚೌಡಯ್ಯ ಇದಕ್ಕೆ ದಿಟ್ಟ ಅಪವಾದ. ತನ್ನ ಕಸುಬು, ತನ್ನ ಹೆಸರನ್ನೇ ಅಂಕಿತವಾಗಿಸಿದ. ಚರ್ಮದ ಕೆಲಸದ ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಅವನ ಕೈಯುಳಿ, ಕತ್ತಿ, ಅಡಿಗೂಂಟಗಳೇ ನಿಜಾತ್ಮರಾಮನ ಜೊತೆ ಬರುತ್ತವೆ. ಕೆಳಗಿನವರೆಂದು ತಳ್ಳಲ್ಪಟ್ಟವರಿಗೆ ಹೆಸರು ಬಿಟ್ಟುಕೊಡುವುದಕ್ಕಿಂತ ಹೆಸರು ಹೇಳಿಕೊಳ್ಳುವುದೇ ಆಧ್ಯಾತ್ಮಿಕ ಧೈರ್ಯವಾಗಿತ್ತು. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದುಕೆ ಮಾಡಿದರು, ಬಸವಣ್ಣ ಅದನ್ನು ತೊಡಲೊಪ್ಪದೆ ತಲೆಯ ಮೇಲೆ ಹೊತ್ತರು ಎಂಬ ಶರಣರ ಕಥೆ, ಮಾಡಿದವರನ್ನು ಮರೆತು ವಸ್ತುವಿಗೆ ಬೆಲೆ ಕಟ್ಟಲಾಗದೆಂದೇ ಹೇಳುತ್ತದೆ.

ಚನ್ನಪಟ್ಟಣದ ಕಸುಬುದಾರರಲ್ಲಿ ಮುಸ್ಲಿಮರು ಬಹಳ. ಅವರು ಕಡೆದ ಗೊಂಬೆಗಳು ದಸರೆಯ ಗೊಂಬೆ ಹಬ್ಬದ ಮೆಟ್ಟಿಲುಗಳ ಮೇಲೆ ಕೂರುತ್ತವೆ. ಊರಿನ ಹೆಸರಿನಲ್ಲಿ ಈ ಕಸುಬುದಾರರೆಲ್ಲ ಒಟ್ಟಿಗಿದ್ದಾರೆ, ಆದರೆ ಯಾರೂ ಬೇರೆಬೇರೆಯಾಗಿ ಕಾಣುವುದಿಲ್ಲ.

ಜಿಐ ಕಾಯ್ದೆ ಇದಕ್ಕೆ ಅರ್ಧ ಉತ್ತರ ಕೊಟ್ಟಿದೆ. ನೋಂದಣಿ ಪುಸ್ತಕದ ಎ ಭಾಗದಲ್ಲಿ ಊರಿನ ಹೆಸರು ಮತ್ತು ಅದನ್ನು ನೋಂದಾಯಿಸಿದ ಸಂಸ್ಥೆ, ಬಿ ಭಾಗದಲ್ಲಿ ಅಧಿಕೃತ ಬಳಕೆದಾರರೆಂದು ಒಬ್ಬೊಬ್ಬರ ಹೆಸರು ಬರುತ್ತದೆ. ಆದರೆ ಕರಕುಶಲ ವಸ್ತುವಿನ ಉತ್ಪಾದಕ ಯಾರೆಂದು ಹೇಳುವಾಗ ಕಾಯ್ದೆ ಮಾಡುವವರ ಜೊತೆಗೆ ಆ ವಸ್ತುವಿನ ವ್ಯಾಪಾರ ನಡೆಸುವವರನ್ನೂ ಸೇರಿಸುತ್ತದೆ. ಹೀಗಾಗಿ ಲೇತಿನ ಮುಂದೆ ಕೂತವರಿಗೂ ಅವರಿಂದ ಕೊಂಡು ಮಾರುವವರಿಗೂ ಒಂದೇ ಪಟ್ಟಿ. ಹೆಸರನ್ನು ಜೀವಂತವಾಗಿ ಇಟ್ಟಿರುವ ಕಲಿಕೆ ಇವರಲ್ಲಿ ಒಬ್ಬರ ಕೈಯಲ್ಲಷ್ಟೇ ಇದೆ. ಬಿ ಭಾಗದಲ್ಲಿ ಆ ಕೈಗಳ ಹೆಸರು ಮೊದಲು ಬರಬೇಕು, ಮಾಡುವವರನ್ನೂ ಮಾರುವವರನ್ನೂ ಕಾಯ್ದೆ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು.