ಹೂತಿಟ್ಟ ತಲಾಂತು

ಮತ್ತಾಯ 25 ತೆಗೀರಿ. ಒಂದೇ ತಲಾಂತು ಸಿಕ್ಕವನು ಅದನ್ನು ದುಂದು ಮಾಡಲಿಲ್ಲ. ಯಜಮಾನ ಕಠಿಣ ಅಂದುಕೊಂಡು, ಹೆದರಿ, ಮಣ್ಣಲ್ಲಿ ಹೂತಿಟ್ಟ. ಅಷ್ಟೇ.

ನಮ್ಮ ಗದಗಿನ ಸುನಿಲ್ ಜೋಶಿ ಗೊತ್ತಲ್ಲ? ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಗದಗಿಗೆ ವಾಪಸ್. ಒಂದು ಕಡೆಗೇ ಸುಮಾರು 60 ಕಿಲೋಮೀಟರ್! ಅದೇ ಎಡಗೈ ಸ್ಪಿನ್ನರ್ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. (ಕ್ರಿಕೆಟ್ ಅಂದ್ರೆ ನಾನು ನಿಲ್ಲಿಸೋದಿಲ್ಲ, ಕ್ಷಮಿಸಿ.)

"ಬೆಂಗಳೂರಲ್ಲಿ ಹುಟ್ಟಿದ್ರೆ ಏನಾದ್ರೂ ಆಗ್ತಿದ್ದೆ ಪಾಸ್ಟರ್" ಅಂತ ಮುಂಡರಗಿ, ಲಕ್ಷ್ಮೇಶ್ವರದ ಯೌವನಸ್ಥರು ಹೇಳ್ತಾರೆ. ಗುಂಡಿ ತೋಡೋದು ಅಂದ್ರೆ ಅದೇ. ನಾಳೆ ಬೆಳಿಗ್ಗೆ ಮೊಬೈಲ್ ಮುಟ್ಟೋ ಮೊದಲು ಮೊಣಕಾಲೂರಿ ಕೇಳಿ: ಕರ್ತನೇ, ನಾನು ಎಲ್ಲಿ ಹೂತಿಟ್ಟೆ? ಎದ್ದು ನಿಲ್ಲಿ, ಪ್ರಾರ್ಥಿಸೋಣ.